ಮೊದಲು ಹಕೀಕತ್ತು

ಔರಾದ ತಹಸೀಲು ಕಚೇರಿಯ ಅಂಗಳದಲ್ಲಿ ನನ್ನ ಬಾಲ್ಯದ ದಿನಗಳಲ್ಲಿ ಒಂದು ಬೇವಿನ ಮರವಿದ್ದಿತು. ಅದರ ನೆರಳಿನಲ್ಲಿ ಗೋಣಿತಟ್ಟು ಹಾಸಿ, ಎದುರಿಗೆ ತಗಡಿನ ಪೆಟ್ಟಿಗೆಯೊಂದನ್ನಿರಿಸಿ, ಕಚೇರಿಯ ಬಾಗಿಲು ತೆರೆಯುವ ಮೊದಲೇ ಬಂದು ಅದು ಮುಚ್ಚಿದ ಮೇಲೆ ಏಳುತ್ತಿದ್ದ ಅರ್ಜಿನವೀಸರೊಬ್ಬರಿದ್ದರು. ನಮ್ಮ ಚಿಂತಾಕಿಯವರೂ ಸುತ್ತಲಿನ ಹಳ್ಳಿಗಳವರೂ ಅವರನ್ನು ಮುನ್ಷಿಜಿ ಎಂದು ಕರೆಯುತ್ತಿದ್ದರು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ವ್ಯವಹಾರವೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲಕ್ಕೆ ಅವರು ಲೇಖಣಿ ಹಿಡಿದವರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದೊಳಗೆ ಸೇರಿ, 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯೇ ಮೂರು ಪಾಲಾಗಿ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೂ ಸಂದ ಮೇಲೆ, ಐವತ್ತರ ಆಸುಪಾಸಿನ ವಯಸ್ಸಿನಲ್ಲಿ ಆ ಹಿರಿಯರು ಮಕ್ಕಳ ಅಂಕಲಿಪಿಯನ್ನು ಕೊಂಡು ತಂದು ಕನ್ನಡದ ಅಕ್ಷರಗಳನ್ನು ತಿದ್ದಿದರು. ಅವರ ಕನ್ನಡದ ಬರವಣಿಗೆಯಲ್ಲಿ ಒತ್ತಕ್ಷರಗಳು ಕಡೆಯವರೆಗೂ ತುಸು ವಾರೆಯಾಗಿಯೇ ಉಳಿದವು. ಆದರೆ ಅವರು ಬರೆದ ಅರ್ಜಿಯನ್ನು ಓದದೆ ಬದಿಗಿಟ್ಟ ಅಧಿಕಾರಿಯನ್ನು ನಾನು ಕಾಣೆ.

ಅವರ ಪದ್ಧತಿಯನ್ನು ನಾನು ಮೊದಲು ಕಂಡದ್ದು ತಂದೆಯವರೊಡನೆ ತಗಾವಿ ಸಾಲದ ಅರ್ಜಿ ಬರೆಸಲು ಹೋದಾಗ. ಬಂದವನು ಯಾರೇ ಆಗಲಿ, ಯಾವ ಕೆಲಸಕ್ಕೇ ಬಂದಿರಲಿ, ಮುನ್ಷಿಜಿ ಲೇಖಣಿಯನ್ನು ಮುಟ್ಟುತ್ತಿರಲಿಲ್ಲ. “ಮೊದಲು ಹಕೀಕತ್ ಹೇಳು, ಕಾಗದಾ ಆಮ್ಯಾಲ” ಎಂದು ಕೈಕಟ್ಟಿ ಕುಳಿತುಬಿಡುತ್ತಿದ್ದರು. ಬಂದವನು ಅಜ್ಜನ ಕಾಲದಿಂದ ಆರಂಭಿಸಿ, ಬಾಂದಿನ ಜಗಳ, ಎತ್ತಿನ ಸಾವು, ಮಗಳ ಮದುವೆ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಕೇಳಿ, ಬಳಿಕ ನಾಲ್ಕೈದು ಪ್ರಶ್ನೆಗಳನ್ನು ಹಾಕಿ, ಆ ದೀರ್ಘವಾದ ಕಥೆಯಲ್ಲಿ ಎಲ್ಲಿ ಗಂಟು ಬಿದ್ದಿದೆ, ಅದನ್ನು ಬಿಡಿಸಲು ಈತನೇ ಏನು ಮಾಡಿದ್ದಾನೆ ಎಂಬೆರಡನ್ನು ಹಿಡಿದುಕೊಂಡು ಅರ್ಧ ಹಾಳೆಯಲ್ಲಿ ಬರೆದು ಮುಗಿಸುತ್ತಿದ್ದರು. ಉರ್ದು ಅರ್ಜಿಗಳ ಕಾಲದಲ್ಲಿ ಮೇಲ್ಭಾಗದಲ್ಲಿ ಸ್ತುತಿ, ಕೆಳಭಾಗದಲ್ಲಿ ‘ಫಿದ್ವಿ’ ಎಂಬ ವಿನಯ, ಇವೆರಡರ ನಡುವೆ ಎಲ್ಲೋ ಒಂದು ಕಡೆ ವಿಷಯ ಇರುತ್ತಿದ್ದಿತಂತೆ. ಸಾಹೇಬರ ಕಣ್ಣು ಮೇಲಿನದನ್ನೂ ಕೆಳಗಿನದನ್ನೂ ದಾಟಿ ನೇರವಾಗಿ ನಡುವಿಗೆ ಹೋಗುವುದನ್ನು ಎಷ್ಟೋ ವರ್ಷ ಎದುರಿಗೆ ನಿಂತು ನೋಡಿದುದರಿಂದಲೇ ತಾವು ಈ ರೀತಿಯನ್ನು ಕಲಿತದ್ದಾಗಿ ಅವರು ಒಮ್ಮೆ ನನಗೆ ಹೇಳಿದರು.

ಆ ಮರದ ಕೆಳಗೆ ನಾನೇ ಅರ್ಜಿದಾರನಾಗಿ ಹೋಗಿ ನಿಂತದ್ದು 1974ರ ಮೊದಲ ತಿಂಗಳುಗಳಲ್ಲಿ. ಬೀದರದಲ್ಲಿ ಬಿ.ಎ. ಮುಗಿಸಿ ಮೂರು ವರ್ಷವಾಗಿದ್ದಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಮೂರು ನಾಲ್ಕು ತಿಂಗಳಾಗಿದ್ದಿತು. ಕೆಲಸವಿಲ್ಲದ ತರುಣನಿಗೆ ಆ ಹೊಸ ಹೆಸರನ್ನು ಅರ್ಜಿಯ ವಿಳಾಸದಲ್ಲಿ ಬರೆಯುವುದೇ ಒಂದು ಸಂಭ್ರಮ. ಅದುವರೆಗೆ ಹನ್ನೊಂದು ಕಡೆಗೆ ಅರ್ಜಿ ಕಳುಹಿಸಿದ್ದೆನು. ಬೀದರದ ಟೈಪಿಂಗ್ ಶಾಲೆಯೊಂದರಲ್ಲಿ ಗೋಡೆಗೆ ಅಂಟಿಸಿದ್ದ ಮಾದರಿಯನ್ನು ಅಕ್ಷರಶಃ ನಕಲು ಮಾಡಿಕೊಂಡಿದ್ದೆನಾದುದರಿಂದ ನನ್ನ ಬಯೋಡಾಟಾಕ್ಕೂ ನನ್ನ ಜೊತೆಗಾರರ ಬಯೋಡಾಟಾಕ್ಕೂ ಹೆಸರು, ಜನ್ಮದಿನಾಂಕಗಳ ಹೊರತು ವ್ಯತ್ಯಾಸವಿರಲಿಲ್ಲ. ತಾನು ಶ್ರಮಜೀವಿ, ಪ್ರಾಮಾಣಿಕ, ಕಾರ್ಯದಕ್ಷ ಎಂದು ಅದರಲ್ಲಿ ಬರೆದಿದ್ದಿತು. ‘ಅನುಭವ’ ಎಂಬುದರ ಎದುರಿಗೆ ‘ಇಲ್ಲ’ ಎಂದು ಬರೆದಿದ್ದಿತು. ಹನ್ನೊಂದರಲ್ಲಿ ಒಂದಕ್ಕೂ ಉತ್ತರ ಬಂದಿರಲಿಲ್ಲ.

ಮುನ್ಷಿಜಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಹಾಳೆಯನ್ನು ನೋಡಿ, ಆ ‘ಇಲ್ಲ’ದ ಮೇಲೆ ಬೆರಳಿಟ್ಟರು.

“ಬೇಟಾ, ಬರದಾಗ ಎಲ್ಲಿದ್ದಿ?”

“ಕೆರಿ ಕಾಮಗಾರ್ಯಾಗ ಹಾಜರಿ ಬರೀತಿದ್ದೆ ಮುನ್ಷಿಜಿ.”

“ಅದು ಅನುಭವ ಅಲ್ಲೇನು? ಹೇಳು, ಹಕೀಕತ್ ಹೇಳು.”

1972ರ ಬರವೆಂದರೆ ದಖ್ಖನಿನ ಈ ಭಾಗದ ಹಿರಿಯರು ಇಂದಿಗೂ ಕಾಲವನ್ನು ಎಣಿಸುವುದು ಅದರಿಂದಲೇ. ಬಿತ್ತಿದ ಉದ್ದು, ಹೆಸರು ಮೊಳಕೆಯಲ್ಲೇ ಸುಟ್ಟುಹೋಗಿ, ಹಿಂಗಾರಿನ ಜೋಳವೂ ಕೈಗೆ ಬಾರದೆ, ಹೊರದೇಶದ ಕೆಂಪು ಮಿಲೋ ಜೋಳದ ರೊಟ್ಟಿಯನ್ನು ತಿಂದು ಜನ ಜೀವ ಹಿಡಿದಿದ್ದರು. ಸರಕಾರ ತೆರೆದ ಪರಿಹಾರ ಕಾಮಗಾರಿಯೊಂದರಲ್ಲಿ ನಾನು ದಿನಗೂಲಿಯ ಮೇಲೆ ಹಾಜರಿ ಬರೆಯುವವನಾಗಿದ್ದೆನು. ಕನ್ನಡ, ಮರಾಠಿ, ತೆಲುಗು, ದಖನಿ, ಲಂಬಾಣಿಗಳನ್ನಾಡುವ ಜನ ಒಂದೇ ಏರಿಯ ಮೇಲೆ ಬುಟ್ಟಿ ಹೊರುತ್ತಿದ್ದರು. ಲಕ್ಷ್ಮೀಬಾಯಿ ಎಂಬ ಹೆಸರಿನವರೇ ಏಳೆಂಟು ಮಂದಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಹೆಂಗಸರಲ್ಲಿಲ್ಲ. ವಾರದ ಪಗಾರ ಹಂಚುವ ಸಂಜೆ ಹೆಸರು ತಪ್ಪಾಗಿ, ಒಬ್ಬಳ ಕೂಲಿ ಇನ್ನೊಬ್ಬಳ ಲೆಕ್ಕಕ್ಕೆ ಹೋಗಿ, ಕತ್ತಲಾದರೂ ಸಾಲು ಕರಗದೆ, ಹಸಿದ ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡ ತಾಯಂದಿರು ಬರಿಗೈಯಲ್ಲಿ ಮರಳುವುದನ್ನು ಎರಡು ವಾರ ನೋಡಿದ ಮೇಲೆ, ನಾನು ಹಾಜರಿ ಪುಸ್ತಕವನ್ನು ಬಂದ ಕ್ರಮದಲ್ಲಿ ಬರೆಯುವುದನ್ನು ಬಿಟ್ಟು ಊರು, ಓಣಿ, ಮನೆ ಎಂಬ ಕ್ರಮದಲ್ಲಿ ಬರೆಯತೊಡಗಿದೆನು. ಪ್ರತಿ ಸಂಜೆ ಬುಟ್ಟಿ ಇಳಿಸುವ ಮೊದಲು ಅಂದಿನ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆನು; ತಪ್ಪಿದ್ದರೆ ಅಲ್ಲಿಯೇ ತಿದ್ದುತ್ತಿದ್ದೆನು. ಮೂರು ವಾರ ಕಳೆಯುವುದರೊಳಗೆ ಪಗಾರದ ದಿನ ಸೂರ್ಯಾಸ್ತಕ್ಕೆ ಮೊದಲೇ ಎಲ್ಲರೂ ಮನೆ ಸೇರುವಂತಾಯಿತು.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಂಠ ಗದ್ಗದವಾಗಿದ್ದಿತು, ಏಕೆಂದರೆ ಅದೇ ಉಸಿರಿನಲ್ಲಿ ನಮ್ಮ ಮನೆಯ ಎತ್ತಿನ ಜೋಡಿಯನ್ನು ಮಾರಿದುದು, ತಾಯಿಯ ಬೆಳ್ಳಿ ಕಡಗ ಒತ್ತೆ ಹೋದುದು, ತಂಗಿ ಶಾಲೆ ಬಿಟ್ಟುದು, ಇವನ್ನೂ ಹೇಳಿಬಿಟ್ಟಿದ್ದೆನು. ಅವು ಅರ್ಜಿಯಲ್ಲಿ ಬರಲೇಬೇಕೆಂದೂ ಬಗೆದಿದ್ದೆನು. ಮುನ್ಷಿಜಿ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ನನ್ನ ಹೆಗಲ ಮೇಲೆ ಕೈಯಿಟ್ಟು ಅವರಾಡಿದ ಮಾತು ಇದು: “ನಿನ್ನ ದುಃಖ ಅಲ್ಲಾಗ ಹೇಳು, ಅವ ಕೇಳ್ತಾನ. ಸಾಹೇಬ್ಗ ನಿನ್ನ ಕೆಲಸ ಹೇಳು.” ಅವರು ಬರೆದುದು ನಾಲ್ಕೇ ವಾಕ್ಯ. ಎಲ್ಲಿ, ಎಷ್ಟು ದಿನ, ಯಾವ ಅಡಚಣೆ, ನಾನು ಕೈಹಾಕಿ ಮಾಡಿದ್ದೇನು, ಕಡೆಗೇನಾಯಿತು. ಶ್ರಮಜೀವಿ, ಪ್ರಾಮಾಣಿಕ, ಕಾರ್ಯದಕ್ಷ ಎಂಬ ಮೂರು ವಿಶೇಷಣಗಳನ್ನೂ ಹೊಡೆದುಹಾಕಿದರು. ಎತ್ತು, ಕಡಗ, ತಂಗಿ ಯಾವುದೂ ಅಲ್ಲಿರಲಿಲ್ಲ. ಆದರೆ ಓದಿದಾಗ ಆ ನಾಲ್ಕು ವಾಕ್ಯಗಳ ಹಿಂದೆ ಅವೆಲ್ಲ ನಿಂತಿರುವಂತೆ ನನಗೆ ಅನ್ನಿಸಿತು.

ಬೀದರದ ಒಂದು ಸಹಕಾರ ಸಂಘದಿಂದ ಕರೆ ಬಂದಿತು. ಸಂದರ್ಶನದಲ್ಲಿ ಕುಳಿತಿದ್ದ ಮೂವರೂ ನನ್ನ ಅಂಕಪಟ್ಟಿಯನ್ನು ತಿರುವಿಯೂ ನೋಡಲಿಲ್ಲ. ಓಣಿವಾರು ಹಾಜರಿ ಬರೆಯುವಾಗ ಹೊಸಬರು ನಡುವೆ ಸೇರಿದರೆ ಎಲ್ಲಿ ಬರೆಯುತ್ತಿದ್ದೆ ಎಂದು ಒಬ್ಬರು ಕೇಳಿದರು. ಪ್ರತಿ ಓಣಿಯ ಕೊನೆಗೆ ಐದು ಗೆರೆ ಖಾಲಿ ಬಿಡುತ್ತಿದ್ದೆನೆಂದು ಹೇಳಿದೆನು. ಆ ಖಾಲಿ ಗೆರೆಗಳೇ ನನಗೆ ಕೆಲಸ ಕೊಟ್ಟವು ಎಂದು ನಾನು ನಂಬಿದ್ದೇನೆ.

ಕೆಲಸ ಸಿಕ್ಕ ಸುದ್ದಿ ಹೇಳಲು ಪೇಢೆಯ ಪೊಟ್ಟಣದೊಡನೆ ಹೋದಾಗ ಅವರು ಇನ್ನೊಂದು ಪಾಠವನ್ನು ಹೇಳಿಕೊಟ್ಟರು. ಇದೇ ಹಕೀಕತ್ತನ್ನು ಶಾಲೆಯ ಕೆಲಸಕ್ಕೆ ಬರೆದಿದ್ದರೆ ತಾವು ಹಾಜರಿಯ ಕ್ರಮವನ್ನು ಹಿಂದಿಟ್ಟು, ಐದು ಭಾಷೆಯ ಜನರಿಗೆ ದಿನವೂ ಹೆಸರು ಓದಿ ತಿಳಿಹೇಳಿದುದನ್ನು ಮುಂದಿಡುತ್ತಿದ್ದುದಾಗಿ ಹೇಳಿದರು. ಘಟನೆ ಒಂದೇ, ಆದರೆ ಓದುವವನ ಮನೆಯಲ್ಲಿ ಯಾವ ದೀಪ ಆರಿದೆಯೋ ಅಲ್ಲಿಗೆ ಅದನ್ನು ಒಯ್ಯಬೇಕು. ಎಷ್ಟೋ ವರ್ಷಗಳ ಮೇಲೆ, ಲಿಯೊನಾರ್ಡೊ ಡಾ ವಿಂಚಿಯು 1482ರ ಸುಮಾರಿಗೆ ಮಿಲಾನಿನ ಪ್ರಭು ಲುಡೊವಿಕೊ ಸ್ಫೋರ್ಜಾನಲ್ಲಿ ಉದ್ಯೋಗ ಬೇಡಿ ಬರೆದ ಪತ್ರದ ವಿಷಯವನ್ನು ಓದಿದಾಗ ಮುನ್ಷಿಜಿಯೇ ಕಣ್ಣ ಮುಂದೆ ಬಂದರು. ಯುದ್ಧದ ಚಿಂತೆಯಲ್ಲಿದ್ದ ಪ್ರಭುವಿಗೆ ಆ ಮಹಾಕಲಾವಿದ ಹಗುರವಾದ ಸೇತುವೆಗಳನ್ನೂ ಫಿರಂಗಿಗಳನ್ನೂ ಮೊದಲು ಹೇಳಿ, ತನ್ನ ಚಿತ್ರಕಲೆಯನ್ನು ಕಟ್ಟಕಡೆಗೆ ಸೂಚಿಸಿದ್ದಾನೆ.

ಸಂಘದಲ್ಲಿ ನಾನು ಮೂರು ದಶಕಗಳಿಗೂ ಮಿಕ್ಕು ದುಡಿದೆನು. ಕಡೆಯ ಹತ್ತು ಹನ್ನೆರಡು ವರ್ಷ ಮೇಜಿನ ಆಚೆಯ ಬದಿಯಲ್ಲಿ ಕುಳಿತು, ಬಂದ ಅರ್ಜಿಗಳನ್ನು ಓದುವ ಹೊಣೆಯೂ ನನ್ನದಾಗಿದ್ದಿತು. ಒಂದೊಂದು ಅರ್ಜಿಗೆ ಎಷ್ಟು ಅಲ್ಪಕಾಲ ದೊರೆಯುತ್ತದೆ ಎಂಬುದು ಆಗ ತಿಳಿದು ನನ್ನ ಮನಸ್ಸು ನೊಂದಿತು. ನೂರು ಹಾಳೆಗಳಲ್ಲಿ ತೊಂಬತ್ತು ಒಂದೇ ಮಾತನ್ನಾಡುತ್ತಿದ್ದವು. ಆ ತೊಂಬತ್ತು ಮಂದಿ ಒಂದೇ ರೀತಿಯ ಬಾಳನ್ನು ಬಾಳಿದವರಾಗಿರಲಿಕ್ಕಿಲ್ಲವೆಂದು ತಿಳಿದೂ ಅವುಗಳನ್ನು ಬದಿಗಿಡದೆ ಉಪಾಯವಿರಲಿಲ್ಲ.

ಆ ದಿನಗಳಲ್ಲಿ ಬೀದರದ ನನ್ನ ಬಾಡಿಗೆಯ ಮನೆಯ ಹಿಂದಿನ ಓಣಿಯಲ್ಲಿ ಬಿದರಿ ಕೆಲಸದ ಕುಟುಂಬವೊಂದಿದ್ದಿತು. ಮಗ ಐ.ಟಿ.ಐ. ಮುಗಿಸಿ ಹೈದರಾಬಾದಿನ ಕಾರ್ಖಾನೆಗಳಿಗೆ ಫಿಟ್ಟರ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದನು. ಅವನ ಹಾಳೆಯಲ್ಲಿ ಹವ್ಯಾಸವೆಂದು ಕ್ರಿಕೆಟ್ಟಿನ ಹೆಸರಿತ್ತು. ತಂದೆಯ ಉದ್ಯೋಗವೆಂಬಲ್ಲಿ ‘ಕೂಲಿ’ ಎಂದಿತ್ತು. ಏಕೆ ಹೀಗೆ ಬರೆದೆ ಎಂದು ಕೇಳಿದರೆ, ಕಾರ್ಖಾನೆಯವರಿಗೆ ಬಿದರಿಯ ಮಾತು ಬೇಡವೆಂದನು. ನಾನು ಅವನ ತಂದೆಯ ಅಂಗಡಿಯಲ್ಲಿ ಎಷ್ಟೋ ಸಂಜೆ ಕುಳಿತು ನೋಡಿದ್ದವನು. ಬಹುಪಾಲು ಸತು, ಅಲ್ಪಭಾಗ ತಾಮ್ರ ಕರಗಿಸಿ, ಹರಳೆಣ್ಣೆಯನ್ನೂ ರಾಳವನ್ನೂ ಸೇರಿಸಿ ಹದ ಮಾಡಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಕಾನಸಿನಿಂದ ಉಜ್ಜಿ ನುಣುಪು ತಂದು, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಉಳಿಯಿಂದ ಗೀರಿದ ಬಳ್ಳಿಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕಟ್ಟಕಡೆಗೆ ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ತಿಕ್ಕಿದಾಗ, ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವ ಆ ಕೆಲಸದಲ್ಲಿ ಕಾನಸಿನ ಕೈ ಕೂದಲೆಳೆಯಷ್ಟು ತಪ್ಪಿದರೂ ಪಾತ್ರೆ ಕೆಟ್ಟಂತೆ. ಆ ಹುಡುಗ ಹತ್ತನೆಯ ವಯಸ್ಸಿನಿಂದ ಆ ಕಾನಸನ್ನು ಹಿಡಿದಿದ್ದನು!

ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸೇರಿದ ಶರಣರ ಹೆಸರುಗಳನ್ನು ನೋಡಬೇಕು: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಕಾಯಕವನ್ನು ಹೆಸರಿನ ಮುಂದೆಯೇ ಹೊತ್ತು, ತಾವು ಲೋಕಕ್ಕೆ ಯಾವ ಕೈಗಳಿಂದ ಪರಿಚಯವಾಗಬೇಕೆಂಬುದನ್ನು ಅವರು ಹೇಳಿಬಿಟ್ಟರು. ಆಯ್ದಕ್ಕಿ ಲಕ್ಕಮ್ಮನ ನಿಸ್ಪೃಹತೆಯನ್ನು ಎಷ್ಟು ವಿಶೇಷಣಗಳಿಂದ ವರ್ಣಿಸಿದರೂ ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಆಕೆ ಅದನ್ನು ಮರಳಿ ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದ ಒಂದು ಪ್ರಸಂಗದ ಮುಂದೆ ಅವು ನಿಲ್ಲಲಾರವು. ಇಂಥ ನೆಲದ ಹುಡುಗ ತಂದೆಯ ಕಾಯಕವನ್ನು ಮರೆಮಾಡಿ ಕ್ರಿಕೆಟ್ಟನ್ನು ಬರೆಯುವಂತೆ ಆದುದೆಂದರೆ, ಅವನಿಗೆ ಯಾರೋ ನಾಚಿಕೆಯನ್ನು ಕಲಿಸಿದ್ದರೆಂದೇ ಅರ್ಥ. ಅದು ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ.

ಅವನಿಂದ ಹಕೀಕತ್ತನ್ನು ಹೇಳಿಸಿದೆನು. ಒಂದು ಮಳೆಗಾಲ ಎರಕದಲ್ಲಿ ಮೇಲಿಂದ ಮೇಲೆ ಗುಳ್ಳೆ ಎದ್ದು ಹೂಜಿಗಳು ಹಾಳಾಗುತ್ತಿದ್ದಾಗ, ಅಚ್ಚಿನ ಮಣ್ಣು ತೇವ ಹಿಡಿದಿರುವುದನ್ನು ಕಂಡುಹಿಡಿದು, ಕುಲುಮೆಯ ಪಕ್ಕದಲ್ಲಿ ತಗಡು ಹಾಸಿ ಅದನ್ನು ಒಣಗಿಸುವ ಏರ್ಪಾಡು ಮಾಡಿದವನು ಅವನೇ. ಅದನ್ನೂ ಕಾನಸಿನ ಕೆಲಸದ ವರ್ಷಗಳನ್ನೂ ಮೂರು ವಾಕ್ಯಗಳಲ್ಲಿ ಅವನ ಕೈಯಿಂದಲೇ ಬರೆಸಿದೆನು. ಮೊದಲ ಕಾರ್ಖಾನೆ ಅವನನ್ನು ಕರೆಯಲಿಲ್ಲ. ಎರಡನೆಯದು ಕರೆಯಿತು, ಅಲ್ಲಿಯ ಫೋರ್ಮನ್ನು ಕೈಗೆ ಕಾನಸನ್ನೂ ಒಂದು ಕಬ್ಬಿಣದ ತುಂಡನ್ನೂ ಕೊಟ್ಟು, ಉಜ್ಜಿ ತೋರಿಸು ಎಂದನಂತೆ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಭಾಲ್ಕಿಯ ಕಡೆಯ ಬಂಧುವೊಬ್ಬರ ಮಗನಿಗಾಗಿ ಬಯೋಡಾಟಾ ಬರೆಯುವಾಗ, ಕಥೆ ಹೇಳಿಸುವ ನನ್ನ ಕೌಶಲದ ಮೇಲೆ ನನಗೇ ಅತಿವಿಶ್ವಾಸ ಬೆಳೆದಿದ್ದಿತು. ಹುಡುಗ ಮಿತಭಾಷಿ. ಹಾಸ್ಟೆಲಿನಲ್ಲಿದ್ದಾಗ ಊಟದ ಲೆಕ್ಕ ನೋಡುವವನಿಗೆ ಎಂದಾದರೊಮ್ಮೆ ನೆರವಾಗುತ್ತಿದ್ದನೆಂಬಷ್ಟೇ ಅವನ ಬಾಯಿಂದ ಬಂದಿತು. ನಾನು ಆ ಎಳೆಯನ್ನು ಹಿಡಿದು, ಅವನೇ ಲೆಕ್ಕವನ್ನೆಲ್ಲ ನೋಡಿಕೊಂಡನೆಂದೂ, ತರಕಾರಿಯವರೊಡನೆ ಮಾತಾಡಿ ಖರ್ಚು ತಗ್ಗಿಸಿದನೆಂದೂ ಒಂದು ಸುಂದರವಾದ ಪ್ರಸಂಗವನ್ನು ನೇಯ್ದೆನು. ಅವನು ಬೇಡವೆನ್ನಲಿಲ್ಲ, ಹಿರಿಯರ ಎದುರು ಬೇಡವೆನ್ನುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ, ತರಕಾರಿಯವರೊಡನೆ ಏನು ಮಾತಾಡಿದೆ ಎಂಬುದು. ಹುಡುಗ ತಲೆ ತಗ್ಗಿಸಿ ನಿಂತನಂತೆ. ಮನೆಗೆ ಬಂದು ಹೊಸ್ತಿಲಲ್ಲೇ ನಿಂತು, “ಕಾಕಾ, ಅದು ನನ್ನ ಕಥಿ ಇರ್ಲಿಲ್ಲಲ್ಲ” ಎಂದನು. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಭಾರವಾಗುತ್ತಿರಲಿಲ್ಲ.

ಮರುದಿನ ನಾನು ಕಚೇರಿಗೆ ಹೋಗುವ ದಾರಿಯನ್ನು ಬಿಟ್ಟು ಮಹಮೂದ್ ಗವಾನನ ಮದರಸಾದ ಕಡೆಗೆ ನಡೆದೆನು. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು, ಬಹಮನಿ ರಾಜ್ಯದ ಪ್ರಧಾನಿಯಾಗಿ, 1472ರಲ್ಲಿ ಆ ವಿದ್ಯಾಮಂದಿರವನ್ನು ಕಟ್ಟಿಸಿದ ಆ ಪುರುಷ ಪತ್ರಲೇಖನದ ಕಲೆಯನ್ನು ಕುರಿತು ಪಾರಸಿಯಲ್ಲಿ ‘ಮನಾಜಿರುಲ್ ಇನ್ಶಾ’ ಎಂಬ ಶಾಸ್ತ್ರಗ್ರಂಥವನ್ನೇ ಬರೆದವನು. ಅವನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’ ಇಂದಿಗೂ ಉಳಿದಿದೆ. ಅಂಥವನ ಪ್ರಾಣ ಹೋದುದು ಒಂದು ಪತ್ರದಿಂದಲೇ. ವೈರಿಗಳು ಅವನ ಮುದ್ರೆಯನ್ನು ಕಾಯುವವನನ್ನು ಒಲಿಸಿಕೊಂಡು, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿ, ಒಡಿಶಾದ ರಾಜನಿಗೆ ಗವಾನನೇ ಬರೆದಂತೆ ದ್ರೋಹದ ಪತ್ರವನ್ನು ಸೃಷ್ಟಿಸಿದರು. ಸುಲ್ತಾನ ಅದನ್ನು ನಂಬಿ 1481ರಲ್ಲಿ ಅವನ ತಲೆ ತೆಗೆಸಿದನು. ಮುದ್ರೆ ನಿಜ, ಬರಹ ಸುಳ್ಳು. ನಾನು ಮಾಡಿದುದೂ ಸ್ವರೂಪದಲ್ಲಿ ಅದೇ ಆಗಿತ್ತು: ಒಬ್ಬ ಸಾಧುಹುಡುಗನ ಹೆಸರೆಂಬ ಮುದ್ರೆಯ ಮೇಲೆ ಅವನದಲ್ಲದ ಮಾತನ್ನು ಬರೆದಿದ್ದೆನು. ಅಂದಿನಿಂದ ನಾನು ಯಾರ ಪರವಾಗಿಯೂ ಬಯೋಡಾಟಾ ಬರೆದಿಲ್ಲ. ಕೇಳುತ್ತೇನೆ, ಪ್ರಶ್ನೆ ಹಾಕುತ್ತೇನೆ. ಲೇಖಣಿ ಅವರ ಕೈಯಲ್ಲೇ ಇರುತ್ತದೆ. ಅವರು ತಾವೇ ಎಣಿಸದ ಅಂಕಿಯನ್ನು ಬರೆಯಲು ಬಿಡುವುದಿಲ್ಲ.

ನಿವೃತ್ತನಾಗಿ ಚಿಂತಾಕಿಗೆ ಮರಳಿದ ಮೇಲೂ ಹುಡುಗರು ಬರುತ್ತಿದ್ದಾರೆ. ಪ್ಲಾಸ್ಟಿಕ್ ಫೈಲಿನಲ್ಲಿ ಅಂಕಪಟ್ಟಿ, ಜಾತಿ, ಆದಾಯ, ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ ಎಲ್ಲವೂ ಕ್ರಮವಾಗಿರುತ್ತವೆ, ಮೇಲೆ ಡಿ.ಟಿ.ಪಿ. ಅಂಗಡಿಯಲ್ಲಿ ಐವತ್ತು ರೂಪಾಯಿ ಕೊಟ್ಟು ಮಾಡಿಸಿದ ರೆಸ್ಯೂಮು. ಅದರ ಮೊದಲ ಪ್ಯಾರಾದಲ್ಲಿ ಇಂಗ್ಲಿಷಿನ ಒಂದು ಮಹತ್ತಾದ ಧ್ಯೇಯವಾಕ್ಯ ಇರುತ್ತದೆ. ಅದು ಎಲ್ಲರದ್ದೂ ಒಂದೇ. ಉರ್ದು ಅರ್ಜಿಯ ಆ ಹಳೆಯ ಸ್ತುತಿಯೇ ವೇಷ ಬದಲಿಸಿ ಬಂದಿತೇ ಎಂದು ಕಾಣುತ್ತದೆ.

ಎರಡು ವರ್ಷದ ಹಿಂದೆ ಬೇಸಗೆಯಲ್ಲಿ ನೆರೆಯ ತಾಂಡಾದ ಹೆಣ್ಣುಮಗಳೊಬ್ಬಳು ಬಂದಳು. ನರ್ಸಿಂಗ್ ಡಿಪ್ಲೊಮಾ ಮುಗಿಸಿ ಹೈದರಾಬಾದಿನ ಆಸ್ಪತ್ರೆಯೊಂದಕ್ಕೆ ಅರ್ಜಿ ಕಳುಹಿಸುವವಳಿದ್ದಳು. ಹಾಳೆಯಲ್ಲಿ ತನ್ನನ್ನು ತಾಳ್ಮೆಯವಳು, ಎಲ್ಲರೊಡನೆ ಹೊಂದಿಕೊಳ್ಳುವವಳು ಎಂದು ಬರೆದುಕೊಂಡಿದ್ದಳು. ನಾನು ಹಾಳೆಯನ್ನು ಮಡಿಚಿಟ್ಟು, ಕೊರೋನಾದಲ್ಲಿ ಎಲ್ಲಿದ್ದಿ ಮಗಳೆ ಎಂದು ಕೇಳಿದೆನು. ಮುನ್ಷಿಜಿ ನನ್ನನ್ನು ಕೇಳಿದ ಪ್ರಶ್ನೆ ಅದೇ ಎಂಬುದು ಕೇಳಿದ ಮೇಲೆ ನೆನಪಿಗೆ ಬಂದಿತು.

2021ರ ಎರಡನೆಯ ಅಲೆಯಲ್ಲಿ ಕಾಲೇಜು ಮುಚ್ಚಿ ಅವಳು ತಾಂಡಾದಲ್ಲಿದ್ದಳು. ಪುಣೆ, ಮುಂಬಯಿಗಳಿಗೆ ದುಡಿಯಲು ಹೋದವರು ಜ್ವರ ಹೊತ್ತು ಮರಳುತ್ತಿದ್ದರು. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲವೆಂಬ ಭಯದಿಂದ ಮನೆಮನೆಯಲ್ಲಿ ಕೆಮ್ಮನ್ನು ಬಚ್ಚಿಡುತ್ತಿದ್ದರು. ಆಶಾ ಕಾರ್ಯಕರ್ತೆ ಬಂದರೆ ಬಾಗಿಲು ಹಾಕುತ್ತಿದ್ದರು. ಈ ಹುಡುಗಿ ಆಕೆಯ ಜೊತೆಗೂಡಿ, ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಮೊದಲು ತನ್ನ ಅಜ್ಜಿಯ ಬೆರಳಿಗೆ ಎಲ್ಲರೆದುರು ಹಾಕಿ ತೋರಿಸಿ, ಲಂಬಾಣಿಯಲ್ಲಿ ತಿಳಿಹೇಳಿ, ಒಂದೊಂದೇ ಬಾಗಿಲನ್ನು ತೆರೆಸಿದಳು. ದಿನದ ಅಂಕಿಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟಳು. ಒಬ್ಬ ಮುದುಕಿಯ ಅಂಕಿ ಎಂಬತ್ತಾರಕ್ಕೆ ಇಳಿದ ರಾತ್ರಿ, ಮಕ್ಕಳು ಬೇಡವೆಂದರೂ ಬಿಡದೆ, ಜೀಪಿನಲ್ಲಿ ತಾನೇ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀದರದ ಆಸ್ಪತ್ರೆಗೆ ಹೋದಳು. ಮುದುಕಿ ಹದಿನೇಳು ದಿನದ ಮೇಲೆ ನಡೆದುಕೊಂಡು ತಾಂಡಾಕ್ಕೆ ಬಂದಳು. ಆ ಮೇಲೆ ಬಾಗಿಲು ಹಾಕಿದವರು ಯಾರೂ ಇಲ್ಲ.

ಹೇಳುತ್ತ ಹೇಳುತ್ತ ಅವಳ ಕುಳಿತ ಭಂಗಿಯೇ ಬದಲಾಗಿದ್ದಿತು. ಹಾಳೆಯನ್ನು ಮತ್ತೆ ಬಿಡಿಸಿ ಕೊಟ್ಟು, ಬಲ್ಲ ಭಾಷೆಗಳು ಎಂಬ ಸಾಲನ್ನು ತೋರಿಸಿದೆನು. ಕನ್ನಡ, ಹಿಂದಿ, ಇಂಗ್ಲಿಷ್ ಎಂದಿತ್ತು.

“ಲಂಬಾಣಿ ಎಲ್ಲಿ ಹೋಯ್ತು?”

“ಅದಕ್ಕ ಲಿಪಿ ಇಲ್ಲಲ್ಲ ಮುತ್ಯಾ. ಅದನ್ನೂ ಬರೀಬಹುದೇನ್ರಿ?”

ನಾನು ಉತ್ತರ ಹೇಳಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಅವಳು ಬಹಳ ಹೊತ್ತು ಯೋಚಿಸಿ, ಧ್ಯೇಯವಾಕ್ಯದ ಮೇಲೆ ಉದ್ದಕ್ಕೆ ಗೆರೆ ಎಳೆದಳು. ಹಾಳೆಯ ಹಿಂಬದಿಯಲ್ಲಿ ತಾಂಡಾದ ಹೆಸರನ್ನೂ ವರ್ಷವನ್ನೂ ಬರೆದು, ಎಷ್ಟು ಮನೆಗಳೆಂಬುದನ್ನು ಬರೆಯುವ ಮೊದಲು ಕೈ ತಡೆದು, ನೋಟುಪುಸ್ತಕ ಮನೆಯಲ್ಲಿದೆ, ಎಣಿಸಿಯೇ ಬರೆಯುತ್ತೇನೆಂದಳು. ಅಷ್ಟಕ್ಕೆ ಜಾಗ ಬಿಟ್ಟು ಕೆಳಗಿನ ಸಾಲಿಗೆ ಹೋಗಿ, ಭಾಷೆಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು, ಕನ್ನಡದ ಅಕ್ಷರಗಳಲ್ಲಿ, ಲಂಬಾಣಿ ಎಂದು ಬರೆದಳು. ಔರಾದಕ್ಕೆ ಹೋಗುವ ಬಸ್ಸಿನ ಹಾರನ್ನು ಅಗಸೆಯ ಕಡೆಯಿಂದ ಕೇಳಿಸಿತು; ಹಾಳೆಯನ್ನು ಫೈಲಿನಲ್ಲಿ ಇರಿಸಿಕೊಂಡು ಅವಳು ಎದ್ದಳು, ಆದರೆ ಬಸ್ಸಿನ ಕಡೆಗೆ ಹೋಗಲಿಲ್ಲ. ನೋಟುಪುಸ್ತಕ ತರಲು ತಾಂಡಾದ ದಾರಿಯನ್ನು ಹಿಡಿದಳು.